ಹಾಡು ಹದಗೊಂಡ ಬಗೆ

ಹಾಡೊಂದು ನಮ್ಮ ಕಿವಿಯನ್ನು ಸೇರುವಾಗ ಸಿದ್ಧವಾದ ವಸ್ತುವಾಗಿಯೇ ಸೇರುತ್ತದೆ. ಅದರ ಪಲ್ಲವಿ ಅಲ್ಲಿಯೇ ಇರಬೇಕಾದುದು, ಅದರ ಪ್ರಾಸ ಹಾಗೆಯೇ ಬೀಳಬೇಕಾದುದು, ಅದರ ಮಾತಿಗೆ ಬೇರೊಂದು ಮಾತು ಇದ್ದಿರಲಾರದು ಎಂದು ನಮಗೆ ತೋರುತ್ತದೆ. ಕುಂಬಾರನ ಮನೆಯಿಂದ ತಂದ ಮಡಕೆಯಲ್ಲಿ ಮಣ್ಣು ತುಳಿದ ಕಾಲಿನ ಗುರುತು ಕಾಣಿಸುವುದಿಲ್ಲ. ಆದರೂ ಮಣ್ಣನ್ನು ತುಳಿದವರಿದ್ದರು, ಹದ ನೋಡಿದವರಿದ್ದರು, ಆವಿಗೆಯಲ್ಲಿ ಒಡೆದುಹೋದ ಮಡಕೆಗಳೂ ಇದ್ದುವು. ಒಳ್ಳೆಯ ಹಾಡು ತನ್ನ ಹಿಂದಿನ ಶ್ರಮವನ್ನು ಮರೆಮಾಡುತ್ತದೆ. ಅದು ಹಾಡಿಗೆ ಭೂಷಣವಾದರೂ ಚರಿತ್ರಕಾರನಿಗೆ ತೊಡಕು.

ಈ ಭಾಷಣದ ವಿಷಯ ಆ ಮಣ್ಣು ತುಳಿಯುವ ಕೆಲಸವೇ ಆಗಿದೆ. ಯಾರಿಗೋ ಒಂದು ಹೊಳಹು ತೋರುತ್ತದೆ: ಒಂದು ದುಃಖ, ಒಂದು ಸುದ್ದಿ, ಒಂದು ಹಳೆಯ ಕಥೆ, ಇಲ್ಲವೆ ಅರ್ಥವಿಲ್ಲದ ಒಂದು ಇಂಪಾದ ಎಳೆ. ಅಲ್ಲಿಂದ ಮುಂದೆ ಅದು ಏನೇನನ್ನು ಕಳೆದುಕೊಂಡು, ಏನೇನನ್ನು ಕೂಡಿಸಿಕೊಂಡು, ಎಷ್ಟು ಮಂದಿಯ ಬಾಯನ್ನು ದಾಟಿ ಹಾಡೆನ್ನಿಸಿಕೊಳ್ಳುತ್ತದೆ? ಈ ಪ್ರಶ್ನೆಯನ್ನು ಕನ್ನಡ ನಾಡಿನ ನಟ್ಟನಡುವಣ ನಾಲ್ಕು ಸೀಮೆಗಳನ್ನು ಆಧಾರವಾಗಿಟ್ಟುಕೊಂಡು ವಿಚಾರಿಸೋಣ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಇವು ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ಆ ಜಿಲ್ಲೆ ಏರ್ಪಟ್ಟುದು 1997ನೆಯ ಇಸವಿ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿದ್ದು ಈಚೆಗೆ ಪ್ರತ್ಯೇಕವಾಯಿತು. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಕೆಳದಿಯ ಚನ್ನಮ್ಮಾಜಿಯ ಹೆಸರನ್ನು ಹೊತ್ತ ಚನ್ನಗಿರಿಯಲ್ಲಿ ಅಡಕೆಯ ತೋಟಗಳೂ ಸೂಳೆಕೆರೆಯ ಮಹಾಜಲರಾಶಿಯೂ ಇವೆ. ನ್ಯಾಮತಿ ಮಲೆನಾಡಿನ ಸರಕೂ ಬಯಲುಸೀಮೆಯ ಸರಕೂ ಕೈಬದಲಾಗುತ್ತಿದ್ದ ವ್ಯಾಪಾರದ ಊರು. ಜಗಳೂರಾದರೋ ಮುಗಿಲನ್ನೇ ನಂಬಿದ ಒಣಭೂಮಿ. ಅಲ್ಲಿಯ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳು ಇಂದಿಗೂ ಉಳಿದುಕೊಂಡಿವೆ. ನೀರು ಕಂಡ ನೆಲ, ನೀರು ಕಾಣದ ನೆಲ, ಇವೆರಡೂ ಒಂದು ದಿನದ ಪ್ರಯಾಣದೊಳಗೆ ಇರುವ ಈ ಪ್ರದೇಶದಲ್ಲಿ ಹಾಡಿನ ಬಗೆಗಳೂ ಅಷ್ಟೇ ವಿವಿಧವಾಗಿವೆ.

ಮೊದಲು ಒಂದು ತೊಡಕನ್ನು ಹೇಳಬೇಕು. ಅಚ್ಚಿನ ಕವಿ ತನ್ನ ಕರಡುಗಳನ್ನು ಬಿಟ್ಟುಹೋಗಬಹುದು. ಹೊಡೆದು ಹಾಕಿದ ಸಾಲು, ಅಂಚಿನಲ್ಲಿ ತಿದ್ದಿದ ಪದ, ಇವುಗಳಿಂದ ಅವನ ಮನಸ್ಸಿನ ಜಾಡನ್ನು ಹಿಡಿಯಬಹುದು. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡು ಕಟ್ಟಿದ ಹೆಂಗಸು ಯಾವ ಕರಡನ್ನೂ ಬಿಡಲಿಲ್ಲ. ಆದರೆ ಸಾಕ್ಷ್ಯವೇ ಇಲ್ಲವೆಂದು ನಿರಾಶರಾಗಬೇಕಾದುದಿಲ್ಲ. ಮೂರು ಸಾಕ್ಷಿಗಳು ನಮಗಿವೆ. ಹಾಡಿನ ಛಂದಸ್ಸು ಮೊದಲನೆಯದು. ಅದು ಕಟ್ಟುವವರಿಗೆ ಒದಗಿದ್ದ ಅಚ್ಚು. ಪಾಠಾಂತರಗಳು ಎರಡನೆಯದು, ಒಂದೇ ಹಾಡು ಹತ್ತು ಊರುಗಳಲ್ಲಿ ಹತ್ತು ಬಗೆಯಾಗಿ ದೊರೆಯುವುದಾದರೆ ಆ ಹತ್ತು ರೂಪಗಳೇ ಅದರ ಕರಡುಗಳು. ಕೊನೆಯಲ್ಲಿ ಬರುವ ಅಂಕಿತ ಮೂರನೆಯದು. ಅಲ್ಲಿ ಹಾಡಿನ ಹಿಂದಿನ ಮನುಷ್ಯ ಒಂದು ಕ್ಷಣ ಮುಖ ತೋರಿಸಿ ಮರೆಯಾಗುತ್ತಾನೆ.

ಛಂದಸ್ಸಿನಿಂದ ಆರಂಭಿಸೋಣ. ನಮ್ಮ ಹೆಣ್ಣುಮಕ್ಕಳ ಹಾಡುಗಳ ಬೆನ್ನೆಲುಬು ತ್ರಿಪದಿ. ಅದು ಎಷ್ಟು ಹಳೆಯದೆಂಬುದಕ್ಕೆ ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವೇ ಪ್ರಮಾಣ. ಮೂರು ಸಾಲುಗಳಲ್ಲಿ ನಾಲ್ಕು, ನಾಲ್ಕು, ಮೂರರಂತೆ ಒಟ್ಟು 11 ಅಂಶಗಣಗಳು. ಅವುಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದುವು ವಿಷ್ಣುಗಣ. ಪಂಡಿತರು ಹೀಗೆ ಲೆಕ್ಕ ಹಾಕುತ್ತಾರೆ. ಲೆಕ್ಕ ಅರಿಯದ ಗರತಿಯೂ ತಪ್ಪದೆ ಹೀಗೆಯೇ ಕಟ್ಟುತ್ತಾಳೆ. ಬ್ರಹ್ಮಗಣ ವಿಷ್ಣುಗಣಕ್ಕಿಂತ ಚಿಕ್ಕದು. ಆದುದರಿಂದ ಪದ್ಯ ಮುಗಿಯುವುದಕ್ಕೆ ಒಂದು ಹೆಜ್ಜೆ ಮುಂಚೆ ನಡಿಗೆ ಗಿಡ್ಡವಾಗುತ್ತದೆ. ಕೇಳುವವರಿಗೆ 'ಇದೋ, ಮುಗಿಯಿತು' ಎಂಬ ಸೂಚನೆ ದೊರೆಯುತ್ತದೆ. ಕಟ್ಟುವವಳಿಗಾದರೋ ಕೊನೆಯ ಮಾತಿಗೆ ಎಷ್ಟು ಎಡೆಯಿದೆಯೆಂಬುದು ಮೊದಲೇ ತಿಳಿದಿರುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ತ್ರಿಪದಿಯನ್ನು ಓದಿದರೆ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಿಡಿದು ಹಾಡುವ ವಾಡಿಕೆಯುಂಟು. ಇದು ಇಂಪಿಗಾಗಿ ಎಂದು ನಾವು ಭಾವಿಸುತ್ತೇವೆ. ಇಂಪಿಗೂ ಹೌದು, ಆದರೆ ಕಟ್ಟುವವಳಿಗೆ ಅದು ಬಿಡುವು. ನಾಲಗೆ ಎರಡನೆಯ ಸಾಲನ್ನು ಮತ್ತೊಮ್ಮೆ ನುಡಿಯುತ್ತಿರುವಾಗ ಮನಸ್ಸು ಮೂರನೆಯ ಸಾಲನ್ನು ಹುಡುಕುತ್ತದೆ. ಬೀಸುವ ಕಲ್ಲು ತಾಳವನ್ನು ಕೊಡುತ್ತದೆ. ಎದುರು ಕುಳಿತವಳ ಕಂಠ ಆಸರೆ ಕೊಡುತ್ತದೆ. ತವರು, ಅಣ್ಣ, ಹಾಲು, ಬಳ್ಳಿ, ಬಾಗಿಲು, ದೀಪ ಮುಂತಾದ ಪದಗಳು ಆ ಗಣಗಳ ಅಳತೆಗೆ ಆಗಲೇ ಒಗ್ಗಿಕೊಂಡು ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತವೆ. ಹೀಗೆ ಹೊಳಹು ಹೊಸದು, ಅಚ್ಚು ಹಳೆಯದು. ತಾಯಿಯ ಮನೆಯಿಂದ ಅಂದು ಬೆಳಿಗ್ಗೆ ಬಂದ ಒಂದು ಮಾತು ಸಂಜೆಯ ಹೊತ್ತಿಗೆ ತ್ರಿಪದಿಯಾಗುವುದು ಹೀಗೆ ಸಾಧ್ಯವಾಗುತ್ತದೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಅಚ್ಚು ಮಾಡಿದಾಗ ನಗರದ ವಿದ್ಯಾವಂತರು ಅಚ್ಚರಿಪಟ್ಟುದು ಈ ಅಚ್ಚಿನ ಬಿಗಿಯನ್ನು ಕಂಡೇ.

ಇನ್ನು ಕಥೆಯ ಹಾಡನ್ನು ನೋಡೋಣ. ಚನ್ನಗಿರಿ ಸೀಮೆಯ ಸೂಳೆಕೆರೆಯ ವಿಷಯವಾಗಿ ಒಂದು ಐತಿಹ್ಯವಿದೆ. ಸ್ವರ್ಗವತಿಯೆಂಬ ಪಟ್ಟಣವಿತ್ತು, ಅಲ್ಲಿಯ ಅರಸನ ಮಗಳು ಶಾಂತವ್ವ ತನ್ನಿಂದಾದ ದೋಷದ ಪರಿಹಾರಕ್ಕಾಗಿ ಕೆರೆಯೊಂದನ್ನು ಕಟ್ಟಿಸಲು ಹೊರಟಳು, ಕೆರೆಗೆ ತಕ್ಕ ಜಾಗ ಸೂಳೆಯರ ಕೇರಿಯಾಗಿತ್ತು, ಕೆರೆಗೆ ತಮ್ಮ ಹೆಸರು ನಿಲ್ಲಬೇಕೆಂಬ ಕರಾರಿನ ಮೇಲೆ ಅವರು ಜಾಗವನ್ನು ಬಿಟ್ಟುಕೊಟ್ಟರು. ಈ ಕಥೆಯನ್ನು ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿಯೂ ಬರೆದಿದ್ದಾರೆ. ಶಾಂತಿಸಾಗರವೆಂಬ ಹೊಸ ಹೆಸರು ಬಂದ ಮೇಲೂ ಜನರ ಬಾಯಲ್ಲಿ ಆ ಕರಾರು ಮುರಿದಿಲ್ಲ.

ಇಂಥ ಐತಿಹ್ಯ ಹಾಡಾಗಬೇಕಾದರೆ ಏನಾಗಬೇಕು? ಐತಿಹ್ಯದಲ್ಲಿ ಸಂಗತಿಗಳು ಒಂದರ ಹಿಂದೆ ಒಂದು ನಡೆದುಹೋಗುತ್ತವೆ. ಹಾಡಿಗೆ ಅಷ್ಟು ಸಂಗತಿ ಬೇಡ. ಅದಕ್ಕೆ ಬೇಕಾದುದು ಒಂದು ಗಂಟು, ಮರಳಿ ಮರಳಿ ಬರಬಲ್ಲ ಒಂದು ಸನ್ನಿವೇಶ. ಕೆರೆಯ ಕಥೆಗಳಲ್ಲಿಯೇ ಸುಪ್ರಸಿದ್ಧವಾದ 'ಕೆರೆಗೆ ಹಾರ'ವನ್ನು ನೆನೆದುಕೊಳ್ಳಿ. ಕೆರೆಯಲ್ಲಿ ನೀರು ಬೀಳಲಿಲ್ಲ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡಬೇಕೆಂದು ಹಿರಿಯರು ನಿಶ್ಚಯಿಸಿದರು. ಒರಟು ಹೊಳಹು ಇಷ್ಟೇ. ಹಾಡು ಕಟ್ಟಿದವರು ಮಾಡಿದುದೇನು? ಅವಳನ್ನು ತವರಿಗೆ ಕಳುಹಿಸಿದರು. ಅಲ್ಲಿ ತಂದೆ ಕೇಳುತ್ತಾನೆ, ತಾಯಿ ಕೇಳುತ್ತಾಳೆ, ಅಕ್ಕ ಕೇಳುತ್ತಾಳೆ, ಗೆಳತಿ ಕೇಳುತ್ತಾಳೆ, ಪ್ರಶ್ನೆ ಒಂದೇ. ಅವಳು ನಿಜವನ್ನು ಬಾಯಿ ಬಿಟ್ಟು ಹೇಳುವುದು ಗೆಳತಿಯ ಮುಂದೆ ಮಾತ್ರ. ಮರುಕಳಿಸುವ ಪ್ರಶ್ನೆ ಹಾಡುವವರ ನೆನಪಿಗೆ ಊರುಗೋಲು. ಕೇಳುವವರ ಎದೆಗೆ ಅದು ಕ್ಷಣಕ್ಷಣಕ್ಕೂ ಬಿಗಿಯುವ ಹಗ್ಗ. ನೆನಪಿನ ಅನುಕೂಲಕ್ಕೆ ಹುಟ್ಟಿದ ಉಪಾಯವೇ ಇಲ್ಲಿ ಕಾವ್ಯದ ಉಪಾಯವಾಗಿ ಪರಿಣಮಿಸಿದೆ. ಬಲಿಗೊಟ್ಟವರನ್ನು ಹಾಡು ಎಲ್ಲಿಯೂ ಬಯ್ಯುವುದಿಲ್ಲ. ಸುಮ್ಮನೆ ಅವಳನ್ನು ಮನೆಯಿಂದ ಮನೆಗೆ ನಡೆಸುತ್ತದೆ. ಒಪ್ಪವಿಡುವುದೆಂದರೆ ಮಾತನ್ನು ಹೆಚ್ಚಿಸುವುದಲ್ಲ, ಹೇಳದೆ ಬಿಡಬೇಕಾದುದನ್ನು ಬಿಡುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಜಗಳೂರಿನ ಕಡೆಗೆ ಬಂದರೆ ಹಾಡು ಉದ್ದವಾಗುತ್ತದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರುಗಳ ಈ ಬಯಲು ಮ್ಯಾಸಬೇಡರ, ಕಾಡುಗೊಲ್ಲರ ಬೀಡು. ದನ, ಕುರಿಗಳ ಹಿಂಡು, ಅವನ್ನು ಕಾಯ್ದ ವೀರರು, ಮಳೆಗಾಗಿ ಅಲೆದ ದಾರಿಗಳು, ಇವೇ ಅವರ ಹಾಡುಗಳ ವಸ್ತು. ಗಾದ್ರಿಪಾಲನಾಯಕ, ಜಗಲೂರು ಪಾಪನಾಯಕ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳು ಮ್ಯಾಸಬೇಡರಲ್ಲಿ ಹಾಡಾಗಿ ಉಳಿದುಬಂದಿವೆ. ಕಾಡುಗೊಲ್ಲರಿಗೆ ಜುಂಜಪ್ಪನ ಕಾವ್ಯವಿದೆ. ಇವು ಒಂದು ಕುಳಿತಿಗೆ ಮುಗಿಯುವ ಹಾಡುಗಳಲ್ಲ. ಮುಂದೆ ಹಾಡುವವನು ಒಂದು ನುಡಿಯನ್ನು ಎತ್ತಿಕೊಡುತ್ತಾನೆ. ಹಿಂದಿನವರು ಸೊಲ್ಲನ್ನು ಹಿಡಿಯುತ್ತಾರೆ. ಆ ಸೊಲ್ಲು ಹರಿಯುವ ಹೊತ್ತಿನಲ್ಲಿ ಮುಂದಿನ ನುಡಿ ಅವನ ಮನಸ್ಸಿನಲ್ಲಿ ರೂಪುಗೊಳ್ಳುತ್ತದೆ. ಬೀಸುವ ಕಲ್ಲಿನ ಮುಂದೆ ನಾವು ಕಂಡ ಉಪಾಯವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿದೆ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ತಾವು ಕೇಳಿರಬಹುದು. ಅಕ್ಷರ ಕಲಿಯದ ಆ ತಾಯಿ ತನ್ನ ನೆನಪಿನಲ್ಲಿ ಇಟ್ಟುಕೊಂಡಿದ್ದ ಹಾಡಿನ ಭಂಡಾರವನ್ನು ಕೃಷ್ಣಮೂರ್ತಿ ಹನೂರರು 'ಸಾವಿರದ ಸಿರಿಬೆಳಗು' ಎಂಬ ಗ್ರಂಥದಲ್ಲಿ ಲೋಕಕ್ಕೆ ತೋರಿಸಿದರು. ಇಂಥವರನ್ನು ಕಂಡಾಗ 'ಎಷ್ಟು ಬಾಯಿಪಾಠ!' ಎಂದು ನಾವು ಬೆರಗಾಗುತ್ತೇವೆ. ಬೆರಗು ಸರಿ, ಕಾರಣ ಸರಿಯಲ್ಲ. 1933ರಿಂದ 1935ರವರೆಗೆ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸನು ಯುಗೋಸ್ಲಾವಿಯದ ಹಳ್ಳಿಗಳಲ್ಲಿ ವೀರಗೀತೆ ಹಾಡುವವರನ್ನು ಧ್ವನಿಮುದ್ರಣ ಮಾಡಿಕೊಂಡನು. ಆತನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿದುಬಂದುದೇನೆಂದರೆ, 'ಅಕ್ಷರ ತಪ್ಪದೆ ಅದೇ ಹಾಡನ್ನು ಹಾಡಿದೆ' ಎಂದು ಪ್ರಮಾಣಮಾಡುವ ಗಾಯಕನು ನಿಜವಾಗಿ ಪ್ರತಿ ಸಲವೂ ಹಾಡನ್ನು ಹೊಸದಾಗಿ ಕಟ್ಟುತ್ತಿದ್ದನು. ಅವನು ನೆನಪಿಟ್ಟುಕೊಂಡುದು ಸಾಲುಗಳನ್ನಲ್ಲ. ಸಾಲು ಕಟ್ಟುವ ಬಗೆಯನ್ನು. ನಮ್ಮ ಬಯಲುಸೀಮೆಯ ಪಾಠಾಂತರಗಳೂ ಇದನ್ನೇ ಹೇಳುತ್ತವೆ. ಅಲ್ಲಿ ಹಾಡು ಎಂದಿಗೂ ಮುಗಿದ ವಸ್ತುವಲ್ಲ. ಇಂದಿನ ರಾತ್ರಿಯ ಮಟ್ಟಿಗೆ ಮುಗಿದದ್ದು, ಅಷ್ಟೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯ ಪೂಜಿಸುವ ಕ್ಷೇತ್ರ. 1739ನೆಯ ಫೆಬ್ರವರಿ 15 ಅವರ ಜನ್ಮದಿನವೆಂದು ಸಂಪ್ರದಾಯ. ಪ್ರತಿ ವರ್ಷವೂ ಆ ದಿನಗಳಲ್ಲಿ ದೂರದೂರದ ತಾಂಡಗಳಿಂದ ಜನ ಅಲ್ಲಿಗೆ ಬಂದು ಸೇರುತ್ತಾರೆ. ಎತ್ತುಗಳ ಮೇಲೆ ದವಸ, ಉಪ್ಪುಗಳನ್ನು ಹೇರಿಕೊಂಡು ನಾಡಿನ ಉದ್ದಗಲವನ್ನು ಸುತ್ತಿದ ಈ ಜನರ ನುಡಿಗೆ ತನ್ನದೇ ಆದ ಲಿಪಿಯಿಲ್ಲ. ಅವರ ಚರಿತ್ರೆ, ವಂಶಾವಳಿ, ಭಕ್ತಿ, ಎಲ್ಲವೂ ಹಾಡಿನಲ್ಲಿಯೇ ಪ್ರಯಾಣ ಮಾಡಿತು. ಹೊರೆ ಹೊತ್ತು ನಡೆಯುವವರ ಹಾಡಿಗೆ ಹೊರೆ ಇರಕೂಡದು. ಆದುದರಿಂದ ಅಲ್ಲಿಯ ಸಾಲು ಚಿಕ್ಕದು, ಮರುಕಳಿಕೆ ಹೆಚ್ಚು. ಹೆಂಗಸರು ವೃತ್ತಾಕಾರವಾಗಿ ನಿಂತು ಕುಣಿಯುವಾಗ ಒಬ್ಬಳು ಎತ್ತಿದುದನ್ನು ಉಳಿದವರು ಹೆಜ್ಜೆಯೊಡನೆ ಒಪ್ಪಿಸುತ್ತಾರೆ. ವೃತ್ತ ಒಪ್ಪಿದ ಸಾಲು ಉಳಿಯಿತು, ಹೆಜ್ಜೆಗೆ ಒಗ್ಗದ ಸಾಲು ಬಿತ್ತು. ಇದಕ್ಕಿಂತ ಕಠಿನವಾದ ವಿಮರ್ಶೆ ಯಾವ ಪತ್ರಿಕೆಯಲ್ಲಿಯೂ ನಡೆಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ ಹಾಡುಗಳಲ್ಲಿ ಕಟ್ಟಿದವರ ಹೆಸರಿಲ್ಲ. ಲಾವಣಿಗೆ ಬಂದರೆ ಹೆಸರು ಬರುತ್ತದೆ. ಮಹಾರಾಷ್ಟ್ರದ ಕಡೆಯಿಂದ ಇಳಿದು ಉತ್ತರ ಕರ್ನಾಟಕದಲ್ಲಿ ಬೇರೂರಿ, ಹೊಳೆ ದಾಟಿ ಮೈಸೂರು ಸೀಮೆಗೂ ಹಬ್ಬಿದ ಪ್ರಕಾರವಿದು. ಕಲ್ಗಿ, ತುರಾ ಎಂಬ ಎರಡು ಪಂಗಡಗಳು; ಒಂದು ಶಕ್ತಿಯನ್ನು ಮೇಲೆನ್ನುತ್ತದೆ, ಇನ್ನೊಂದು ಶಿವನನ್ನು. ಡಪ್ಪು, ತುಂತುಣಿಗಳನ್ನು ಹಿಡಿದು ಎದುರುಬದುರಾಗಿ ನಿಂತು ಸವಾಲು, ಜವಾಬು ನಡೆಸುತ್ತಾರೆ. ಸವಾಲಿಗೆ ಆ ರಾತ್ರಿಯೇ ಉತ್ತರ ಬೇಕು. ಪ್ರಾಸ ತಪ್ಪಿದರೆ ಸಭೆ ನಗುತ್ತದೆ. ಲಾವಣಿಗೆ ಒದಗಿದ ಹೊಳಹು ಬಹುಮಟ್ಟಿಗೆ ಸುದ್ದಿ: ಒಂದು ದಂಗೆ, ಒಂದು ಬರ, ಒಂದು ಕೊಲೆ. ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಮಾಡಲು ತೊಡಗಿದಾಗ ಸಂಗೊಳ್ಳಿ ರಾಯಣ್ಣನ ಬಂಡಾಯವೂ ಹಲಗಲಿಯ ಬೇಡರ ದಂಗೆಯೂ ಅವುಗಳಲ್ಲಿ ಸೇರಿದ್ದುವು. ಸರಕಾರದ ದಫ್ತರದಲ್ಲಿ ಅಪರಾಧವೆಂದು ಬರೆದಿಟ್ಟುದು ಲಾವಣಿಕಾರನ ಕೈಯಲ್ಲಿ ವೀರಚರಿತೆಯಾಯಿತು. ಕೊನೆಯ ನುಡಿಯಲ್ಲಿ ಅವನು ತನ್ನ ಊರನ್ನೂ ಗುರುವನ್ನೂ ಹೆಸರಿಸುತ್ತಾನೆ. ಅದು ಭಕ್ತಿ ಮಾತ್ರವಲ್ಲ. 'ಈ ಮಾತಿಗೆ ನಾನು ಹೊಣೆ' ಎಂಬ ರುಜು.

ಈಗಿನ ಚಲನಚಿತ್ರಗೀತೆಗಳ ವಿಷಯವಾಗಿ ಒಂದು ಆಕ್ಷೇಪಣೆ ಎಲ್ಲೆಲ್ಲಿಯೂ ಕೇಳಿಬರುತ್ತದೆ: ರಾಗವನ್ನು ಮೊದಲು ಮಾಡಿ ಆಮೇಲೆ ಅದರೊಳಕ್ಕೆ ಮಾತನ್ನು ತುಂಬುತ್ತಾರೆ, ಇದು ಹೊಸ ಕಾಲದ ಕೇಡು ಎಂದು. ಚರಿತ್ರೆ ಈ ಮಾತನ್ನು ಸಮರ್ಥಿಸುವುದಿಲ್ಲ. ನಮ್ಮ ಕಂಪೆನಿ ನಾಟಕಗಳ ಕವಿಗಳು ಬರೆದುದು ಮಟ್ಟಿಗೆ. ಜನಪ್ರಿಯವಾಗಿದ್ದ ಒಂದು ಮರಾಠಿ ಪದವನ್ನೋ ಹಿಂದೂಸ್ತಾನಿ ಪದವನ್ನೋ ಕಿವಿಯಲ್ಲಿಟ್ಟುಕೊಂಡು ಅದರ ಅಳತೆಗೆ ಕನ್ನಡದ ಮಾತನ್ನು ಹೊಂದಿಸುತ್ತಿದ್ದರು. ಅಚ್ಚಾದ ನಾಟಕದ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ಮೂಲ ಮಟ್ಟಿನ ಹೆಸರನ್ನು ಕಾಣಿಸುವುದೂ ಉಂಟು. ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ. ಬಿ. ಆರ್. ಡ್ರಾಮಾ ಕಂಪೆನಿಯಂಥ ಮಂಡಲಿಗಳು ಊರೂರಿಗೆ ಒಯ್ದ ರಂಗಗೀತೆಗಳ ಸಂಪ್ರದಾಯ ಇದೇ. ತ್ರಿಪದಿ ಕಟ್ಟಿದ ಗರತಿಯೂ ಮೊದಲೇ ಇದ್ದ ಧಾಟಿಯೊಳಕ್ಕೆ ಮಾತನ್ನು ಇಳಿಸಿದವಳೇ ಅಲ್ಲವೆ? ಆದುದರಿಂದ ರಾಗ ಮೊದಲೋ ಮಾತು ಮೊದಲೋ ಎಂಬ ವಾದದಲ್ಲಿ ಹುರುಳಿಲ್ಲ. ಗರತಿಗೆ ಆ ಧಾಟಿ ತಾಯಿಯ ಹಾಲಿನೊಡನೆ ಬಂದಿತ್ತು. ಅವಳ ಮಾತಿನ ಉಸಿರಿಗೂ ಧಾಟಿಯ ಉಸಿರಿಗೂ ಭೇದವಿರಲಿಲ್ಲ. ಪರಭಾಷೆಯ ಮಟ್ಟಿಗೆ ಬರೆಯುವವನು ಹ್ರಸ್ವವನ್ನು ಎಳೆದು, ದೀರ್ಘವನ್ನು ಮೊಟಕಿಸಿ, ನುಡಿಯ ಮೈಯನ್ನು ನೋಯಿಸುವ ಅಪಾಯವಿದೆ. ಒಳ್ಳೆಯ ಗೀತಕಾರನ ಪರೀಕ್ಷೆ ಅಲ್ಲಿ ನಡೆಯುತ್ತದೆ.

ಅಂಥ ಪರೀಕ್ಷೆಯಲ್ಲಿ ಗೆದ್ದ ಒಬ್ಬರು ಇದೇ ಸೀಮೆಯವರು. ಚನ್ನಗಿರಿ ತಾಲ್ಲೂಕಿನ ಹೊದಿಗೆರೆ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಊರು; ಶಿವಾಜಿಯ ತಂದೆ ಷಹಜಿ 1664ರಲ್ಲಿ ಅಲ್ಲಿಯೇ ತೀರಿಕೊಂಡನು, ಅವನ ಸಮಾಧಿ ಅಲ್ಲಿದೆ. ಆ ಊರಿನಲ್ಲಿ 1944ನೆಯ ಜೂನ್ 23ರಂದು ಎಚ್. ಎಸ್. ವೆಂಕಟೇಶಮೂರ್ತಿಯವರು ಜನಿಸಿದರು. 'ಕನ್ನಡದಲ್ಲಿ ಕಥನಕವನಗಳು' ಎಂಬ ವಿಷಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದ ಈ ಅಧ್ಯಾಪಕರು ಕವಿಯೂ ಹೌದು, ನಾಟಕಕಾರರೂ ಹೌದು. ಮನೆಮನೆಯವರು ಬಲ್ಲುದು ಅವರ ಭಾವಗೀತೆಗಳನ್ನು. 1993ರ 'ಚಿನ್ನಾರಿ ಮುತ್ತ' ಚಿತ್ರಕ್ಕೆ ಅವರು ಬರೆದ ಮಕ್ಕಳ ಹಾಡುಗಳಿಗೆ ಸಿ. ಅಶ್ವತ್ಥರು ರಾಗವನ್ನು ಹಾಕಿದರು. ಅವರ ತೂಗುಮಂಚದ ಗೀತೆ 2016ರಲ್ಲಿ ತೆರೆಕಂಡ 'ಕಿರಿಕ್ ಪಾರ್ಟಿ' ಚಿತ್ರದಲ್ಲಿ ಬಂದು, ಕವಿಯ ಮೊಮ್ಮಕ್ಕಳ ವಯಸ್ಸಿನವರ ಬಾಯಲ್ಲಿ ನಲಿಯಿತು. 2020ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದ ಅವರು 2025ನೆಯ ಮೇ 30ರಂದು ನಿಧನ ಹೊಂದಿದರು. ಕಥನಕವನದ ವಿದ್ವಾಂಸನೇ ಗೀತಕಾರನಾದುದು ಆಕಸ್ಮಿಕವಲ್ಲ. ಒಂದು ಸನ್ನಿವೇಶ, ಅದರೊಳಗೆ ಮಾತಾಡುವ ಒಂದು ಜೀವ, ಮರುಕಳಿಸುವ ಒಂದು ಸೊಲ್ಲು: ಕೆರೆಯ ಹಾಡಿನಲ್ಲಿ ನಾವು ಕಂಡ ಕಟ್ಟಡವೇ ರಾಧೆ ಕೃಷ್ಣರನ್ನು ಕುರಿತ ಅವರ ಗೀತೆಗಳಲ್ಲಿಯೂ ಇದೆ.

ಭಾವಗೀತೆಯ ಈ ಮಾರ್ಗಕ್ಕೆ ಹೆದ್ದಾರಿಯನ್ನು ಕಡಿದುಕೊಟ್ಟವರು ಬಿ. ಎಂ. ಶ್ರೀಕಂಠಯ್ಯನವರು. ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕವಾಗಿ ಬಂದಿತು. ಅದರಲ್ಲಿ ರಾಬರ್ಟ್ ಬರ್ನ್ಸನ ಪ್ರಸಿದ್ಧ ಪ್ರೇಮಗೀತೆಯೂ ಕನ್ನಡದ ಉಡುಗೆ ತೊಟ್ಟಿದೆ. ಆ ಬರ್ನ್ಸನು ಮಾಡಿದ ಕೆಲಸವಾದರೂ ಏನು? ಸ್ಕಾಟ್ಲೆಂಡಿನ ಹಳ್ಳಿಗರ ಬಾಯಲ್ಲಿ ಚೂರುಚೂರಾಗಿ ಉಳಿದಿದ್ದ ಹಾಡುಗಳನ್ನು ಆಯ್ದು, ಹರಿದ ಕಡೆ ಹೊಲಿದು, ಬರಿದಾದ ಕಡೆ ತನ್ನ ಮಾತನ್ನು ತುಂಬಿ, ಹಳೆಯ ಧಾಟಿಗಳಿಗೆ ಅವನ್ನು ಮರಳಿ ಕೂಡಿಸಿದನು. 1794ರಲ್ಲಿ ಅಚ್ಚಾದ ಆ ಪ್ರೇಮಗೀತೆಯೂ ಅಂಥ ಹಳೆಯ ತುಣುಕುಗಳಿಂದಲೇ ಹುಟ್ಟಿದುದು. ಹೆಸರರಿಯದ ಸ್ಕಾಟ್ ಹಳ್ಳಿಗನ ಹೊಳಹು ಬರ್ನ್ಸನ ಕೈಯಲ್ಲಿ ಹದಗೊಂಡು, ಶ್ರೀಕಂಠಯ್ಯನವರ ಕೈಯಲ್ಲಿ ಕನ್ನಡದ ಮಾತ್ರಾಲಯವನ್ನು ಪಡೆದು, ನಮ್ಮ ಗಾಯಕರ ಕಂಠವನ್ನು ಸೇರಿತು. ಇಷ್ಟು ಕೈಗಳಲ್ಲಿ ಯಾವುದನ್ನು ಕಟ್ಟಿದ ಕೈಯೆನ್ನೋಣ?

ಯಂತ್ರಗಳು ಬಂದ ಮೇಲೆ ಹಾಡನ್ನು ಹದಗೊಳಿಸುವ ಇನ್ನೊಂದು ಕೈ ಸೇರಿಕೊಂಡಿತು. ಅದು ಗಡಿಯಾರದ ಕೈ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಗಾನ ಮಾತ್ರ. 1935ರಲ್ಲಿ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಸ್ಥಾಪಿಸಿದಾಗ ರೇಡಿಯೋ ಕೂಡ ನಿಮಿಷಗಳ ಲೆಕ್ಕದಲ್ಲಿ ಹಾಡನ್ನು ಕೇಳಿತು. 1965ರಲ್ಲಿ ಭದ್ರಾವತಿ ನಿಲಯ ಆರಂಭವಾದ ಮೇಲೆ ಈ ಸೀಮೆಯ ಹಾಡುಗಳಿಗೂ ಧ್ವನಿವಾಹಕದ ಮುಂದೆ ನಿಲ್ಲುವ ಕಾಲ ಬಂದಿತು. 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದು, ಕವಿತೆ ಅಂಗಡಿಯಲ್ಲಿ ದೊರೆಯುವ ಗಾನವಾಯಿತು. ರಾತ್ರಿಯೆಲ್ಲ ಹರಿಯುತ್ತಿದ್ದ ಕಥನವನ್ನು ಮೂರೋ ಐದೋ ನಿಮಿಷಕ್ಕೆ ಇಳಿಸಬೇಕಾದರೆ ಕೆಲವು ನುಡಿಗಳನ್ನು ಬಿಡಲೇಬೇಕು. ಯಾವುದನ್ನು ಬಿಡಬೇಕೆಂದು ನಿರ್ಧರಿಸುವವನು ಅರ್ಧ ಕವಿಯೇ ಸರಿ.

ಇದಕ್ಕೆ ನಮ್ಮ ನಾಡಗೀತೆಯೇ ಉದಾಹರಣೆ. ಕುವೆಂಪು ಅವರ ಆ ಗೀತೆಯನ್ನು ಕರ್ನಾಟಕ ಸರಕಾರ 2004ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿತು. ಯಾವ ರಾಗದಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಹಲವು ವರ್ಷ ನಡೆದು, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕುದೆಂದು 2022ರ ಸೆಪ್ಟೆಂಬರಿನಲ್ಲಿ ಆಜ್ಞೆ ಹೊರಟಿತು. ಆ ವೇಳೆಗೆ ಕವಿಯೂ ರಾಗ ಹಾಕಿದವರೂ ತೀರಿಕೊಂಡು 27 ವರ್ಷಗಳು ದಾಟಿದ್ದುವು. ಕಟ್ಟಿದವರಿಬ್ಬರೂ ಹೋದ ಮೇಲೆ ಹಾಡು ಮುಗಿಯಿತು! ಸಭೆಯಲ್ಲಿ ಸಾವಿರ ಮಂದಿ ಒಟ್ಟಾಗಿ ನಿಂತು ಹಾಡಬೇಕಾದ ಗೀತೆಗೆ ಇಂಥ ನಿಲುಗಡೆ ಅವಶ್ಯಕವೆಂಬುದನ್ನು ಒಪ್ಪಬೇಕು. ಆದರೆ ಎಲ್ಲ ಹಾಡಿಗೂ ಅದೇ ನ್ಯಾಯವನ್ನು ಹಚ್ಚಿದರೆ ನಷ್ಟವಾಗುತ್ತದೆ.

ನಷ್ಟ ಎಂಥದೆಂಬುದನ್ನು ಹೇಳಿ ಈ ಭಾಷಣವನ್ನು ಮುಗಿಸುತ್ತೇನೆ. ಜನಪದ ಹಾಡನ್ನು ಸಂಗ್ರಹಿಸುವವರು ಹತ್ತು ಪಾಠಗಳಲ್ಲಿ ಅಂದವಾದ ಒಂದನ್ನು ಆರಿಸಿ ಅಚ್ಚು ಮಾಡುತ್ತಾರೆ. ಆ ಒಂದು ಪಾಠ ಶಾಲೆಯ ಪುಸ್ತಕವನ್ನು ಸೇರುತ್ತದೆ, ಅದರಿಂದ ವೇದಿಕೆಯನ್ನು ಸೇರುತ್ತದೆ, ಕೊನೆಗೆ ಹುಟ್ಟಿದ ಹಳ್ಳಿಗೇ ಮರಳಿ ಬಂದು 'ಇದೇ ಸರಿಯಾದುದು' ಎಂದು ಆಜ್ಞೆ ಮಾಡುತ್ತದೆ. ಆಗ ಉಳಿದ ಒಂಬತ್ತು ಸತ್ತುಹೋಗುತ್ತವೆ. ಅವುಗಳೊಡನೆ ಹೋಗುವುದು ಒಂಬತ್ತು ಹಾಡುಗಳು ಮಾತ್ರವಲ್ಲ. ಹಾಡನ್ನು ಕಟ್ಟುವ ಶಕ್ತಿ. ಹಾಡನ್ನು ಒಪ್ಪಿಸುವವರು ಉಳಿಯುತ್ತಾರೆ, ಕಟ್ಟುವವರು ಇಲ್ಲವಾಗುತ್ತಾರೆ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು, ಅದು ಬೇಕಾದುದೇ. ಆದರೆ ಎರಡನೆಯ ಸಾಲು ಮರಳುವಾಗ ಮೂರನೆಯ ಸಾಲನ್ನು ಹುಡುಕುತ್ತಿದ್ದ ಆ ಮನಸ್ಸಿಗೆ ಬೇರೊಂದು ಪೀಠವನ್ನು ನಾವು ಒದಗಿಸಲಿಲ್ಲ.

ನಗರವಾಸಿಗಳಾದ ನಮಗೆ ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಇಲ್ಲದಿಲ್ಲ. ಮನೆಯ ಹಿರಿಯರು ಹಾಡುವ ಹಾಡು ಪುಸ್ತಕದ ಪಾಠಕ್ಕಿಂತ ಬೇರೆಯಾಗಿದ್ದರೆ ತಿದ್ದದಿರೋಣ. ಇದ್ದಂತೆಯೇ ಬರೆದಿಡೋಣ, ಇಲ್ಲವೆ ಧ್ವನಿಯಲ್ಲಿ ಹಿಡಿದಿಡೋಣ. ಹಾಡಿದವರ ಹೆಸರನ್ನೂ ಊರನ್ನೂ ದಿನವನ್ನೂ ಜೊತೆಗೆ ಬರೆಯೋಣ. ಲಾವಣಿಕಾರನು ಕೊನೆಯ ನುಡಿಯಲ್ಲಿ ತನಗೆ ತಾನೇ ಮಾಡಿಕೊಂಡ ಆ ಸಣ್ಣ ಮರ್ಯಾದೆಯನ್ನು ಹೆಸರಿಲ್ಲದ ಗರತಿಗೂ ಸಲ್ಲಿಸಿದಂತಾಗುತ್ತದೆ. ಮಕ್ಕಳು ಹಾಡಿನ ಮಾತನ್ನು ಬದಲಿಸಿ ತಮ್ಮ ಮಾತನ್ನು ಸೇರಿಸಿ ಹಾಡಿದರೆ ಗದರಿಸದಿರೋಣ. ಹೊಳಹು ಹದವಾಗಲು ಮೊದಲು ಬೇಕಾದುದು ಕೆಡಿಸಿ ನೋಡುವ ಸ್ವಾತಂತ್ರ್ಯ. ಆ ಸ್ವಾತಂತ್ರ್ಯವಿದ್ದ ಕಡೆ ಹಾಡು ಹುಟ್ಟಿತು. ಅದು ಉಳಿದ ಕಡೆ ಮುಂದೆಯೂ ಹುಟ್ಟುವುದು.